ಒಂದು ಸೈನ್ ಅಲೆಯಿಂದ ಎದೆಗೆ ತಾಗುವ ಕಿಕ್: ಸಮಗ್ರ ಮಾರ್ಗದರ್ಶಿ

ಚಿಕ್ಕಮಗಳೂರು, ಹಾಸನದ ಕಡೆ ಮನೆಯಲ್ಲೇ ಕೂತು ಎಲೆಕ್ಟ್ರಾನಿಕ್ ಟ್ರ್ಯಾಕ್ ಮಾಡುವವರಿಗೆ ಈಗ ಬೇಕಾದ ಸಾಮಾನು ಬಹಳ ಕಡಿಮೆ. ಒಂದು ಲ್ಯಾಪ್‌ಟಾಪ್, ಒಂದು ಹೆಡ್‌ಫೋನ್, ಎಫ್‌ಎಲ್ ಸ್ಟುಡಿಯೋ ಅಥವಾ ರೀಪರ್‌ನಂಥ ಸಂಗೀತ ಸಾಫ್ಟ್‌ವೇರ್ ಇದ್ದರೆ ಕೆಲಸ ಶುರು. ಆದರೆ ಕಿಕ್, ಅಂದರೆ ತಾಳಕ್ಕೆ ಬೀಳುವ ದಪ್ಪ ಡ್ರಮ್ ಏಟು, ಬೇಕು ಎಂದಾಗ ಹೆಚ್ಚಿನವರು ಮಾಡುವುದು ಒಂದೇ. ಸ್ಯಾಂಪಲ್ ಪ್ಯಾಕ್ ತೆರೆಯುತ್ತಾರೆ, ಫೈಲ್‌ಗಳನ್ನು ಒಂದಾದ ಮೇಲೊಂದು ಒತ್ತಿ ಕೇಳುತ್ತಾರೆ, ಕಿವಿ ಸೋತಾಗ ಯಾವುದೋ ಒಂದನ್ನು ಎಳೆದು ಹಾಕುತ್ತಾರೆ. ಅದು ಒಂಟಿಯಾಗಿ ಚೆನ್ನಾಗೇ ಕೇಳುತ್ತದೆ. ಬೇಸ್ ಬಂದ ತಕ್ಷಣ ತೊಂದರೆ ಶುರು. ಶ್ರುತಿ ಕೂರುವುದಿಲ್ಲ, ಬಾಲ (ಏಟಿನ ನಂತರ ಉಳಿಯುವ ದನಿ) ಉದ್ದವಾಯಿತು ಅನಿಸುತ್ತದೆ. ಆಮೇಲೆ ಈಕ್ಯೂ (ಫ್ರೀಕ್ವೆನ್ಸಿಗಳನ್ನು ಏರಿಸಿ ಇಳಿಸುವ ಸಾಧನ), ಕಂಪ್ರೆಸರ್ (ಜೋರು-ಮೆಲ್ಲಗಿನ ಅಂತರ ಕಡಿಮೆ ಮಾಡುವ ಸಾಧನ), ಇನ್ನೊಂದು ಕಿಕ್ ಲೇಯರ್ ಅಂತ ಸುತ್ತಾಟ.

ಕಿಕ್ ಅನ್ನು ನೀವೇ ಸಿಂಥ್‌ನಲ್ಲಿ (ದನಿಯನ್ನು ಸೊನ್ನೆಯಿಂದ ಹುಟ್ಟಿಸುವ ಸಾಫ್ಟ್‌ವೇರ್) ಕಟ್ಟಿದರೆ ಈ ಸುತ್ತಾಟ ಬೇಡ. ಶ್ರುತಿ, ಉದ್ದ, ಏಟು ಎಲ್ಲವೂ ನಿಮ್ಮ ಕೈಯಲ್ಲಿರುತ್ತದೆ. ಇದರಲ್ಲಿ ನಾನು ಪದೇಪದೇ ಹೇಳುವ ಮಾತು ಒಂದೇ: ಕಿಕ್‌ನ ಜೀವ ಇರುವುದು ಪಿಚ್, ಅಂದರೆ ದನಿಯ ಸ್ಥಾಯಿ, ಇಳಿಯುವ ರೀತಿಯಲ್ಲಿ. ಅದು ಸರಿ ಆಗುವವರೆಗೆ ಈಕ್ಯೂ ಮುಟ್ಟಬೇಡಿ.

ಪಿಚ್ ಯಾಕೆ ಇಳಿಯಬೇಕು?

ನಮ್ಮೂರ ಜಾತ್ರೆಯಲ್ಲಿ ಡೊಳ್ಳಿನವರ ಹತ್ತಿರ ನಿಂತು ಕೇಳಿದ್ದೀರಲ್ವಾ? ಡೊಳ್ಳಿಗೆ ಜೋರಾಗಿ ಕೋಲು ಬಿದ್ದಾಗ ಚರ್ಮ ಒಳಗೆ ತಗ್ಗುತ್ತದೆ. ತಗ್ಗಿದಾಗ ಹಿಗ್ಗಿ ಬಿಗಿಯಾಗುತ್ತದೆ. ಬಿಗಿ ಜಾಸ್ತಿಯಾದರೆ ಪಿಚ್ ಮೇಲೇರುತ್ತದೆ. ಮರುಕ್ಷಣ ಚರ್ಮದ ಅಲುಗಾಟ ಸಣ್ಣದಾಗುತ್ತಾ ಬರುತ್ತದೆ, ಬಿಗಿ ಮೊದಲಿನ ಮಟ್ಟಕ್ಕೆ ಬರುತ್ತದೆ, ಪಿಚ್ ಇಳಿದು ತನ್ನ ಜಾಗದಲ್ಲಿ ನಿಲ್ಲುತ್ತದೆ. ಬೆರಳಿನಿಂದ ಮೆಲ್ಲಗೆ ತಟ್ಟಿದರೆ ಈ ಇಳಿತ ಗೊತ್ತೇ ಆಗುವುದಿಲ್ಲ. ಹಾಗಾಗಿ ಪಿಚ್ ಸರ್ರನೆ ಇಳಿಯುವುದು ಕೇಳಿದರೆ ನಮ್ಮ ಕಿವಿ ಅದನ್ನು ಜೋರಾದ ಏಟು ಅಂತಲೇ ಹಿಡಿಯುತ್ತದೆ. ವಾಲ್ಯೂಮ್ ಹೆಚ್ಚಿಸದೆಯೂ ಕಿಕ್‌ನ ಏಟು ಹೆಚ್ಚಿಸಬಹುದು ಅನ್ನುವುದಕ್ಕೆ ಕಾರಣ ಇದೇ.

ಹಳೆಯ ಡ್ರಮ್ ಮೆಷೀನ್‌ಗಳು ಇದನ್ನೇ ಬೇರೆಬೇರೆ ರೀತಿಯಲ್ಲಿ ಮಾಡಿದವು. 1980ರಲ್ಲಿ ಬಂದ ರೋಲ್ಯಾಂಡ್ ಟಿಆರ್-808ರ ಕಿಕ್‌ನಲ್ಲಿ ಮಾಮೂಲಿ ಆಸಿಲೇಟರ್ (ನಿರಂತರವಾಗಿ ಅಲೆ ಹುಟ್ಟಿಸುವ ಭಾಗ) ಇಲ್ಲ. ಒಂದು ಸಣ್ಣ ವಿದ್ಯುತ್ ಪಲ್ಸ್ ಸರ್ಕ್ಯೂಟ್‌ಗೆ ಬಡಿಯುತ್ತದೆ, ಆ ಸರ್ಕ್ಯೂಟ್ ಸುಮಾರು 50 ಹರ್ಟ್ಸ್‌ನಲ್ಲಿ (ಸೆಕೆಂಡಿಗೆ 50 ಅಲೆ) ತಾನೇ ಮೊಳಗಿ ತಣ್ಣಗಾಗುತ್ತದೆ. ಹಾಗಾಗಿ ಅದರ ದನಿ ಮೃದು, ಬಾಲ ಉದ್ದ. 1983ರ ಟಿಆರ್-909ರಲ್ಲಿ ಆಸಿಲೇಟರ್ ಇದೆ, ಅದರ ಪಿಚ್ ಇಳಿಸುವ ಎನ್ವಲಪ್ (ಹೊತ್ತು ಕಳೆದಂತೆ ಏರಿಳಿತ ಹೇಗಿರಬೇಕು ಅಂತ ಹೇಳುವ ಗೆರೆ) ಇದೆ, ಮೇಲೆ ಒಂದು ಕ್ಲಿಕ್ ಇದೆ. ಹೌಸ್, ಟೆಕ್ನೋದಲ್ಲಿ ಕೇಳುವ ಆ ಗಟ್ಟಿ ಏಟು ಬಂದಿದ್ದು ಅಲ್ಲಿಂದ. ನಾವು ಇಲ್ಲಿ ಕಟ್ಟುವುದು 909ರ ದಾರಿಯ ಕಿಕ್. ಅದು ಕೈಗೆ ಬಂದರೆ 808ರ ಥರದ್ದು ಸುಲಭ.

ಯಾವ ಸಿಂಥ್?

ಪಿಚ್‌ಗೆ ಎನ್ವಲಪ್ ಹಾಕಲು ಬಿಡುವ ಯಾವ ಸಿಂಥ್ ಆದರೂ ಸಾಕು. ದುಡ್ಡು ಕೊಡುವ ಅಗತ್ಯ ಇಲ್ಲ. ವೈಟಲ್‌ಗೆ ಉಚಿತ ಆವೃತ್ತಿ ಇದೆ, ಸರ್ಜ್ ಎಕ್ಸ್‌ಟಿ ಪೂರ್ತಿ ಉಚಿತ. ಎಲ್‌ಎಂಎಂಎಸ್ ಎಂಬ ಸಂಗೀತ ಸಾಫ್ಟ್‌ವೇರ್ ಬಳಸುವವರಿಗೆ ಅದರೊಳಗೇ ಕಿಕರ್ ಅಂತ ಒಂದು ಪ್ಲಗಿನ್ ಇದೆ, ಕಲಿಯಲು ಅದೂ ಚೆನ್ನ. ನಾನು ವೈಟಲ್ ಇಟ್ಟುಕೊಂಡು ಹೇಳುತ್ತೇನೆ, ಯಾಕೆಂದರೆ ಅದರಲ್ಲಿ ಎನ್ವಲಪ್‌ನ ಗೆರೆ ಕಣ್ಣಿಗೆ ಕಾಣುತ್ತದೆ, ಬೆರಳಿನಿಂದ ಎಳೆದು ಬಾಗಿಸಬಹುದು.

ಹೊಸ ಪ್ಯಾಚ್ (ಸಿಂಥ್‌ನ ಸೆಟ್ಟಿಂಗ್‌ಗಳ ಕಟ್ಟು) ತೆರೆಯಿರಿ. ಒಂದೇ ಆಸಿಲೇಟರ್ ಇರಲಿ. ಬೇಸಿಕ್ ಶೇಪ್ಸ್ ಟೇಬಲ್ ಹಾಕಿ ಸೈನ್ ಅಲೆ (ಒಂದೇ ಫ್ರೀಕ್ವೆನ್ಸಿಯ ನುಣುಪಾದ ಅಲೆ) ಆರಿಸಿ. ಫಿಲ್ಟರ್, ಎಫೆಕ್ಟ್ ಎಲ್ಲ ಆಫ್. ಯೂನಿಸನ್ 1, ವಾಯ್ಸ್ 1.

ಈಗ ಬಹಳ ಜನ ಬಿಟ್ಟುಬಿಡುವ ಒಂದು ಕೆಲಸ. ಆಸಿಲೇಟರ್‌ನ ಫೇಸ್ (ಅಲೆ ಶುರುವಾಗುವ ಜಾಗ) ಪಕ್ಕದಲ್ಲಿರುವ ರ್‍ಯಾಂಡಮ್ ಗುಬುಟನ್ನು ಸೊನ್ನೆಗೆ ಇಳಿಸಿ. ಇಳಿಸದಿದ್ದರೆ ಪ್ರತಿ ಏಟಿಗೂ ಅಲೆ ಬೇರೆ ಬೇರೆ ಜಾಗದಿಂದ ಶುರುವಾಗುತ್ತದೆ. ಒಂದು ಏಟು ಗಟ್ಟಿ, ಮುಂದಿನದು ಪೇಲವ, ಅದರ ಮುಂದಿನದಕ್ಕೆ ಎಲ್ಲೋ ಒಂದು ಟಿಕ್. ಬೇರೆ ಸಿಂಥ್‌ಗಳಲ್ಲಿ ಇದಕ್ಕೆ ರೀಟ್ರಿಗ್ ಅಂತಲೋ ಫೇಸ್ ರೀಸೆಟ್ ಅಂತಲೋ ಇರುತ್ತದೆ, ಆನ್ ಮಾಡಿ. ಕಿಕ್ ಒಂದೊಂದು ಸಲ ಒಂದೊಂದು ಥರ ಕೇಳುತ್ತಿದೆ ಅಂತ ಯಾರಾದರೂ ಹೇಳಿದರೆ ನಾನು ಮೊದಲು ನೋಡುವ ಜಾಗ ಇದು.

ಶ್ರುತಿ ಮೊದಲು

ಕಿಕ್ ಕೊನೆಗೆ ಯಾವ ಸ್ವರದಲ್ಲಿ ನಿಲ್ಲಬೇಕು ಅಂತ ಮೊದಲೇ ತೀರ್ಮಾನ ಮಾಡಿ. ಉಪಯೋಗಕ್ಕೆ ಬರುವ ಸ್ವರಗಳು ಹೆಚ್ಚೇನಿಲ್ಲ:

ಇ – 41.2 ಹರ್ಟ್ಸ್
ಎಫ್ – 43.7
ಎಫ್ ಶಾರ್ಪ್ – 46.2
ಜಿ – 49
ಜಿ ಶಾರ್ಪ್ – 51.9
ಎ – 55

ಟ್ರ್ಯಾಕ್ ಇವುಗಳಲ್ಲಿ ಯಾವುದಾದರೂ ಒಂದರಲ್ಲಿದ್ದರೆ ಅದನ್ನೇ ತೆಗೆದುಕೊಳ್ಳಿ. ಟ್ರ್ಯಾಕ್ ಸಿ ಯಲ್ಲಿದ್ದರೆ ಪೇಚು. ಕೆಳಗಿನ ಸಿ 32.7 ಹರ್ಟ್ಸ್, ಅದನ್ನು ನುಡಿಸುವ ಸ್ಪೀಕರ್ ನಮ್ಮಲ್ಲಿ ಎಷ್ಟು ಜನರ ಹತ್ತಿರ ಇದೆ? ಮೇಲಿನ ಸಿ 65.4, ಅದು ಸ್ವಲ್ಪ ತೆಳು. ಆಗ ನಾನು ಪಂಚಮ ತೆಗೆದುಕೊಳ್ಳುತ್ತೇನೆ, ಅಂದರೆ ಜಿ, 49 ಹರ್ಟ್ಸ್. ಸಿ ಬೇಸ್‌ನ ಕೆಳಗೆ ಅದು ಜಗಳವಿಲ್ಲದೆ ಕೂರುತ್ತದೆ.

ಇನ್ನು ಮುಂದಿನ ಲೆಕ್ಕವೆಲ್ಲ 49 ಹರ್ಟ್ಸ್‌ಗೆ. ಪಿಯಾನೋ ರೋಲ್‌ನಲ್ಲಿ (ಸ್ವರಗಳನ್ನು ಇಡುವ ಪಟ್ಟಿ) ಹುಡುಕುವಾಗ ಎಚ್ಚರ ಇರಲಿ. ಒಂದೇ ಸ್ವರಕ್ಕೆ ಒಂದೊಂದು ಸಾಫ್ಟ್‌ವೇರ್ ಒಂದೊಂದು ನಂಬರ್ ಕೊಡುತ್ತದೆ. 49 ಹರ್ಟ್ಸ್‌ನ ಜಿ ಎಫ್‌ಎಲ್ ಸ್ಟುಡಿಯೋದಲ್ಲಿ ಜಿ2, ಏಬಲ್ಟನ್‌ನಲ್ಲಿ ಜಿ0. ಮಿಡಿ ನಂಬರ್ (ಸ್ವರಕ್ಕೆ ಎಲ್ಲರೂ ಒಪ್ಪಿದ ಸಂಖ್ಯೆ) ಮಾತ್ರ ಎಲ್ಲ ಕಡೆ 31.

ವಾಲ್ಯೂಮ್ ಎನ್ವಲಪ್

ವೈಟಲ್‌ನಲ್ಲಿ ಮೊದಲನೇ ಎನ್ವಲಪ್ ವಾಲ್ಯೂಮ್‌ಗೇ ಸೇರಿರುತ್ತದೆ. ಅಟ್ಯಾಕ್ (ಏರುವ ಹೊತ್ತು) ಸೊನ್ನೆ, ಸಸ್ಟೇನ್ (ಇಳಿದು ನಿಲ್ಲುವ ಮಟ್ಟ) ಸೊನ್ನೆ, ಡಿಕೇ (ಇಳಿಯುವ ಹೊತ್ತು) ಸದ್ಯಕ್ಕೆ 250 ಮಿಲಿಸೆಕೆಂಡ್. ಹೋಲ್ಡ್ ಅಂತ ಒಂದಿದೆಯಲ್ಲ, ಅದನ್ನು 50 ಮಿಲಿಸೆಕೆಂಡ್‌ಗೆ ಇಡಿ. ಹೋಲ್ಡ್ ಇಲ್ಲದಿದ್ದರೆ ಏಟು ಬಿದ್ದ ಕ್ಷಣದಿಂದಲೇ ದನಿ ಕರಗಲು ಶುರುವಾಗುತ್ತದೆ. ಮೊದಲ 50 ಮಿಲಿಸೆಕೆಂಡ್ ಪೂರ್ತಿ ಬಲದಲ್ಲಿ ನಿಂತು ಆಮೇಲೆ ಇಳಿದರೆ ಎದೆಗೆ ತಾಗುವ ತೂಕ ಬರುತ್ತದೆ. ಕಂಪ್ರೆಸರ್‌ನಿಂದ ಜನ ಹುಡುಕುವ ಪಂಚ್‌ನ ಅರ್ಧ ಭಾಗ ಇಲ್ಲೇ ಸಿಗುತ್ತದೆ.

ಒಟ್ಟು ಉದ್ದ ಎಷ್ಟಿರಬೇಕು ಎನ್ನುವುದು ಟೆಂಪೋ ಮೇಲೆ ನಿಂತಿದೆ. 60,000 ಅನ್ನು ಬಿಪಿಎಂನಿಂದ (ನಿಮಿಷಕ್ಕೆ ಎಷ್ಟು ಬೀಟ್) ಭಾಗಿಸಿದರೆ ಒಂದು ಬೀಟ್‌ನ ಉದ್ದ ಮಿಲಿಸೆಕೆಂಡ್‌ನಲ್ಲಿ ಸಿಗುತ್ತದೆ. 128 ಬಿಪಿಎಂಗೆ ಸುಮಾರು 469. ಬೇಸ್ ಆಫ್‌ಬೀಟ್‌ನಲ್ಲಿ (ಎರಡು ಬೀಟ್‌ಗಳ ಸರಿ ನಡುವೆ) ಬರುವುದಾದರೆ ಅದು ಕಿಕ್ ಬಿದ್ದ 234ನೇ ಮಿಲಿಸೆಕೆಂಡ್‌ಗೆ ಬರುತ್ತದೆ. ಅಷ್ಟರಲ್ಲಿ ಕಿಕ್ ಬಹುಪಾಲು ಜಾಗ ಖಾಲಿ ಮಾಡಿರಬೇಕು. ಸೈಟ್ರಾನ್ಸ್ ಎಂಬ ವೇಗದ ಶೈಲಿ ಮಾಡುವವರಿಗೆ ಇನ್ನೂ ಬಿಗಿ: 145 ಬಿಪಿಎಂನಲ್ಲಿ ಬೀಟ್‌ನ ಕಾಲು ಭಾಗ 103 ಮಿಲಿಸೆಕೆಂಡ್, ಬೇಸ್‌ನ ಮೊದಲ ಸ್ವರ ಅಲ್ಲೇ ಬರುತ್ತದೆ. ಕಿಕ್ ಅಷ್ಟರೊಳಗೆ ಮುಗಿಯಬೇಕು.

ಬಾಲವನ್ನು ಕತ್ತರಿಸಿದ ಹಾಗೆ ಮುಗಿಸಬೇಡಿ. 49 ಹರ್ಟ್ಸ್‌ನ ಒಂದು ಅಲೆಗೇ 20.4 ಮಿಲಿಸೆಕೆಂಡ್ ಬೇಕು. ಅಲೆಯ ಮಧ್ಯದಲ್ಲಿ ಕತ್ತರಿಸಿದರೆ ಕೊನೆಯಲ್ಲಿ ಟಿಕ್ ಕೇಳುತ್ತದೆ. ಕನಿಷ್ಠ 20 ಮಿಲಿಸೆಕೆಂಡ್ ಫೇಡ್ ಇರಲಿ.

ಈಗ ನುಡಿಸಿದರೆ ಬರೀ ಒಂದು ಊಂ ಕೇಳುತ್ತದೆ, ಏಟೇ ಇಲ್ಲ. ಇನ್ನು ಬರುವುದೇ ಮುಖ್ಯ ಕೆಲಸ.

ಪಿಚ್ ಎನ್ವಲಪ್: ಇಲ್ಲಿ ಸಮಯ ಕೊಡಿ

ಎರಡನೇ ಎನ್ವಲಪ್ ತೆಗೆದುಕೊಂಡು ಆಸಿಲೇಟರ್‌ನ ಟ್ರಾನ್ಸ್‌ಪೋಸ್ (ಪಿಚ್ ಏರಿಸಿ ಇಳಿಸುವ ಗುಬುಟು) ಮೇಲೆ ಎಳೆದು ಬಿಡಿ. ಅಟ್ಯಾಕ್ ಸೊನ್ನೆ, ಸಸ್ಟೇನ್ ಸೊನ್ನೆ, ಡಿಕೇ 60 ಮಿಲಿಸೆಕೆಂಡ್. ಪ್ರಮಾಣ 36 ಸೆಮಿಟೋನ್, ಅಂದರೆ ಮೂರು ಆಕ್ಟೇವ್ (ಒಂದು ಆಕ್ಟೇವ್ ಏರಿದರೆ ಹರ್ಟ್ಸ್ ಎರಡು ಪಟ್ಟು). ಶುರುವಿನ ಪಿಚ್ 392 ಹರ್ಟ್ಸ್ ಆಯಿತು, ಅಲ್ಲಿಂದ 49ಕ್ಕೆ ಇಳಿಯುತ್ತದೆ. ನುಡಿಸಿ. ಕಿಕ್ ಬಂತು ಅಲ್ವಾ?

ಈಗ ಆ ಇಳಿತದ ಗೆರೆಯನ್ನು ಬಾಗಿಸಿ. ಗೆರೆ ನೇರವಾಗಿದ್ದರೆ ಪಿಚ್ ಒಂದೇ ಸಮನೆ ಜಾರುತ್ತದೆ, ಕಿವಿಗೆ ಆ ಜಾರುವಿಕೆಯೇ ಕೇಳುತ್ತದೆ. ಬೇಕಾಗಿರುವುದು ಚಾರ್ಮಾಡಿ ಘಾಟಿಯ ಇಳಿಜಾರಿನಂಥದ್ದು: ಮೊದಲು ಕಡಿದಾಗಿ ಇಳಿದು, ಕೆಳಗೆ ಬಂದ ಮೇಲೆ ಸಪಾಟು. ಗೆರೆಯ ನಡುವಿನ ಚುಕ್ಕಿಯನ್ನು ಕೆಳಕ್ಕೆ ಎಳೆದರೆ ಅದು ಬರುತ್ತದೆ. ಎಳೆಯುತ್ತಾ ನುಡಿಸುತ್ತಾ ಇರಿ. ಒಂದು ಹಂತದಲ್ಲಿ ಪಿಚ್ ಇಳಿಯುತ್ತಿದೆ ಅನ್ನುವುದು ಕಿವಿಗೆ ಗೊತ್ತಾಗುವುದು ನಿಂತು, ಬರೀ ಏಟು ಮಾತ್ರ ಕೇಳುತ್ತದೆ. ಅಲ್ಲಿ ನಿಲ್ಲಿಸಿ.

ಕಿವಿ ಏನು ಹೇಳುತ್ತಿದೆ ಅನ್ನುವುದನ್ನು ಗುಬುಟಿಗೆ ಹೊಂದಿಸುವುದು ಹೀಗೆ. ಪ್ಯೂಂ ಅಂತ ಆಟಿಕೆ ಬಂದೂಕಿನ ದನಿ ಬಂದರೆ ಡಿಕೇ ಉದ್ದವಾಗಿದೆ ಅಥವಾ ಶುರುವಿನ ಪಿಚ್ ವಿಪರೀತ ಮೇಲಿದೆ. ಮೊದಲು ಡಿಕೇ ಕಡಿಮೆ ಮಾಡಿ ನೋಡಿ. ಟಪ್ ಅಂತ ತೆಳ್ಳಗೆ ಬಂದರೆ ಡಿಕೇ ತೀರಾ ಚಿಕ್ಕದು. 10 ಮಿಲಿಸೆಕೆಂಡ್ ಒಳಗೆ ಎಲ್ಲ ಮುಗಿದರೆ ಅದು ಕ್ಲಿಕ್ ಆಗುತ್ತದೆಯೇ ಹೊರತು ಏಟಾಗುವುದಿಲ್ಲ. ಗುಮ್ ಅಂತ ಮಂಕಾಗಿ ಬಂದರೆ ಪ್ರಮಾಣ ಕಡಿಮೆ, 36ರಿಂದ 48 ಸೆಮಿಟೋನ್‌ಗೆ ಏರಿಸಿ, ಶುರು 784 ಹರ್ಟ್ಸ್ ಆಗುತ್ತದೆ. ದಬ್ ಅಂತ ಬಂದು ಅಲ್ಲೇ ನಿಂತರೆ ಸರಿಯಾಗಿದೆ.

ಒಂದೇ ಎನ್ವಲಪ್‌ನಲ್ಲಿ ಇಷ್ಟು ಸಾಧ್ಯ. ಇನ್ನೂ ಚೆನ್ನಾಗಿ ಬೇಕೆಂದರೆ ಎರಡು ಎನ್ವಲಪ್ ಹಾಕಿ. ನಾನು ಈಗ ಯಾವಾಗಲೂ ಹೀಗೇ ಕಟ್ಟುವುದು. ಒಂದು ವೇಗದ್ದು: 30 ಸೆಮಿಟೋನ್, 12 ಮಿಲಿಸೆಕೆಂಡ್. ಇನ್ನೊಂದು ನಿಧಾನದ್ದು: 12 ಸೆಮಿಟೋನ್, 90 ಮಿಲಿಸೆಕೆಂಡ್. ಎರಡೂ ಒಟ್ಟಿಗೆ ಟ್ರಾನ್ಸ್‌ಪೋಸ್‌ಗೆ ಹೋಗಲಿ. ಶುರುವಿನ ಪಿಚ್ ಎರಡರ ಮೊತ್ತ, 42 ಸೆಮಿಟೋನ್, ಸುಮಾರು 554 ಹರ್ಟ್ಸ್. ವೇಗದ್ದು ಏಟಿನ ಮೊನೆ ಕೊಡುತ್ತದೆ. ಅದು ಮುಗಿದ ಮೇಲೆ ನಿಧಾನದ್ದು ಪಿಚ್ ಅನ್ನು ಒಂದು ಆಕ್ಟೇವ್‌ಗಿಂತ ಕಡಿಮೆ ದೂರದಿಂದ ನಿಧಾನಕ್ಕೆ 49ಕ್ಕೆ ತಂದು ಕೂರಿಸುತ್ತದೆ, ಎದೆಗೆ ತಾಗುವ ಭಾಗ ಅದೇ. ಎರಡನ್ನೂ ಬೇರೆಬೇರೆ ತಿರುಗಿಸಬಹುದು ಅನ್ನುವುದೇ ದೊಡ್ಡ ಅನುಕೂಲ. ಮೊನೆ ಜಾಸ್ತಿ ಆಯಿತೇ? ವೇಗದ್ದನ್ನು ಇಳಿಸಿ, ದೇಹ ಹಾಗೇ ಉಳಿಯುತ್ತದೆ. ಟೆಕ್ನೋಗೆ ದೇಹ ಜಾಸ್ತಿ ಬೇಕೇ? ನಿಧಾನದ್ದನ್ನು 120 ಮಿಲಿಸೆಕೆಂಡ್‌ಗೆ ಏರಿಸಿ.

808ರ ಥರ ಬೇಕಾದವರು ಇಲ್ಲೇ ದಾರಿ ಬದಲಿಸಿ. ವೇಗದ್ದನ್ನು ಬಹುತೇಕ ತೆಗೆದುಬಿಡಿ, ನಿಧಾನದ್ದು 5 ರಿಂದ 7 ಸೆಮಿಟೋನ್ ಸಾಕು, ವಾಲ್ಯೂಮ್ ಡಿಕೇಯನ್ನು ಒಂದು ಸೆಕೆಂಡ್ ದಾಟಿಸಿ.

ಅಲೆಯನ್ನು ಕಣ್ಣಿನಿಂದ ನೋಡಿ

ಇಲ್ಲಿಗೆ ಬಂದ ಮೇಲೆ ಕಿಕ್ ಅನ್ನು ಒಂದು ಆಡಿಯೋ ಫೈಲ್ ಮಾಡಿ ಝೂಮ್ ಮಾಡಿ ನೋಡಿ. ಆಡಾಸಿಟಿ ಸಾಕು. ಎಡಗಡೆ ಮೊದಲ ಒಂದೆರಡು ಅಲೆಗಳು ಒಂದಕ್ಕೊಂದು ಅಂಟಿಕೊಂಡಷ್ಟು ಕಿರಿದಾಗಿರುತ್ತವೆ. ಬಲಕ್ಕೆ ಹೋದಂತೆ ಅಗಲವಾಗುತ್ತಾ ಹೋಗಿ ಒಂದು ಅಗಲಕ್ಕೆ ನಿಲ್ಲುತ್ತವೆ. ಬಾಲದ ಭಾಗದಲ್ಲಿ ಒಂದು ಪೂರ್ತಿ ಅಲೆಯನ್ನು ಆರಿಸಿ ಅದರ ಉದ್ದ ಓದಿ. 1000 ಅನ್ನು ಆ ಮಿಲಿಸೆಕೆಂಡ್‌ನಿಂದ ಭಾಗಿಸಿದರೆ ಹರ್ಟ್ಸ್ ಸಿಗುತ್ತದೆ. 20.4 ಬಂದರೆ 49, ಶ್ರುತಿ ಸರಿ. 19 ಬಂದರೆ 52.6, ಅಂದರೆ ಎನ್ವಲಪ್ ಇನ್ನೂ ಪೂರ್ತಿ ಇಳಿದಿಲ್ಲ. ಟ್ಯೂನರ್‌ಗಳು ಪಿಚ್ ಜಾರುವ ದನಿಯಲ್ಲಿ ತಡವರಿಸುತ್ತವೆ, ಈ ಲೆಕ್ಕ ತಡವರಿಸುವುದಿಲ್ಲ.

ಇನ್ನೊಂದು ವಿಷಯವೂ ಕಣ್ಣಿಗೆ ಬೀಳುತ್ತದೆ. 250 ಮಿಲಿಸೆಕೆಂಡ್‌ನ ಬಾಲ ಪೂರ್ತಿ 49 ಹರ್ಟ್ಸ್‌ನಲ್ಲೇ ಇದ್ದರೂ ಅದರಲ್ಲಿ ಹಿಡಿಯುವುದು ಹನ್ನೆರಡು ಅಲೆ ಮಾತ್ರ. ಇಷ್ಟು ಕಡಿಮೆ ಅಲೆಗಳಿರುವುದರಿಂದಲೇ ಒಂದೊಂದು ಅಲೆಯ ಆಕಾರವೂ ಕಿವಿಗೆ ಲೆಕ್ಕ. ಕಿಕ್‌ನಲ್ಲಿ 5 ಮಿಲಿಸೆಕೆಂಡ್ ಬದಲಾವಣೆ ದೊಡ್ಡ ಬದಲಾವಣೆ ಆಗುವುದಕ್ಕೆ ಇದೇ ಕಾರಣ.

ಕ್ಲಿಕ್

ಹೈಹ್ಯಾಟ್, ಸಿಂಥ್‌ಗಳ ಗದ್ದಲದ ನಡುವೆ ಕಿಕ್ ಎಲ್ಲಿ ಬಿತ್ತು ಅಂತ ತೋರಿಸುವುದು ಕ್ಲಿಕ್‌ನ ಕೆಲಸ. ಮೂರು ದಾರಿ ಇವೆ. ಸುಲಭದ್ದು ಅಂದರೆ ಆಸಿಲೇಟರ್ ಫೇಸ್ ಅನ್ನು 90 ಡಿಗ್ರಿಗೆ ಇಡುವುದು. ಆಗ ಅಲೆ ಸೊನ್ನೆಯಿಂದ ಶುರುವಾಗದೆ ನೇರ ತುದಿಯಿಂದ ಶುರುವಾಗುತ್ತದೆ, ಆ ಜಿಗಿತವೇ ಕ್ಲಿಕ್. ಎರಡನೆಯದು ನಾಯ್ಸ್: ವೈಟ್ ನಾಯ್ಸ್ (ಎಲ್ಲ ಫ್ರೀಕ್ವೆನ್ಸಿಗಳೂ ಸೇರಿದ ಶ್ ಎಂಬ ಸದ್ದು) ತೆಗೆದುಕೊಂಡು 5ರಿಂದ 10 ಮಿಲಿಸೆಕೆಂಡ್‌ನಲ್ಲಿ ಮುಗಿಸಿ, 2000 ಹರ್ಟ್ಸ್‌ನ ಕೆಳಗಿನದನ್ನು ಹೈಪಾಸ್‌ನಿಂದ ತೆಗೆದುಬಿಡಿ. ಮೂರನೆಯದು ನನಗೆ ಬಹಳ ಇಷ್ಟ. ಎಲ್ಲಾದರೂ ಸಿಗುವ ಒಣ ಶಬ್ದವನ್ನು ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿ ಅದರ ಮೊದಲ 8 ಮಿಲಿಸೆಕೆಂಡ್ ಮಾತ್ರ ಕತ್ತರಿಸಿಕೊಳ್ಳುವುದು. ಒಣಗಿದ ಕಾಫಿ ಬೀಜವನ್ನು ಸ್ಟೀಲ್ ತಟ್ಟೆಗೆ ಬೀಳಿಸಿದ ಶಬ್ದ, ಬಾಗಿಲ ಚಿಲಕ, ಮರದ ಮೇಲೆ ಚಮಚ. ಅಷ್ಟು ಸಣ್ಣ ತುಂಡಿನಲ್ಲಿ ಅದು ಏನು ಅಂತ ಯಾರಿಗೂ ಗೊತ್ತಾಗುವುದಿಲ್ಲ, ಆದರೆ ನಿಮ್ಮ ಕಿಕ್ ಮಾತ್ರ ಬೇರೆಯವರ ಕಿಕ್‌ನ ಹಾಗೆ ಕೇಳುವುದಿಲ್ಲ.

ಎಷ್ಟು ಜೋರು? ಕ್ಲಿಕ್ ಇದೆ ಅಂತ ಗೊತ್ತಾಗಬಾರದು, ತೆಗೆದರೆ ಏನೋ ಹೋಯಿತು ಅನಿಸಬೇಕು. ಅಷ್ಟು.

ಗಣಪತಿ ಮೆರವಣಿಗೆಗೆ ತಮಟೆ ರೀಮಿಕ್ಸ್ ಮಾಡುವವರಿಗೆ ಇಲ್ಲಿ ಒಂದು ಮಾತು. ತಮಟೆಯ ಕೋಲಿನ ಏಟೇ ಬೇಕಾದಷ್ಟು ಚೂಪಾಗಿರುತ್ತದೆ. ಅದರ ಜೊತೆ ಕಿಕ್‌ಗೂ ಚೂಪಾದ ಕ್ಲಿಕ್ ಇಟ್ಟರೆ ಎರಡೂ ಸೇರಿ ಕಿವಿ ಕೊರೆಯುತ್ತವೆ. ತಮಟೆ ಇರುವ ಕಡೆ ಕಿಕ್‌ನ ಕ್ಲಿಕ್ ಬಹುತೇಕ ತೆಗೆದುಬಿಡಿ, ತಮಟೆಯೇ ಕ್ಲಿಕ್ ಆಗಲಿ. ಡೊಳ್ಳು ಇದ್ದರೆ ತದ್ವಿರುದ್ಧ. ಡೊಳ್ಳಿನ ಗುಂಯ್‌ಗುಡುವಿಕೆ ಕೆಳಗೆ ಜಾಗ ತಿನ್ನುತ್ತದೆ, ಹಾಗಾಗಿ ಕಿಕ್‌ನ ಬಾಲ ಚಿಕ್ಕದು ಮಾಡಿ, ಕ್ಲಿಕ್ ಸ್ವಲ್ಪ ಏರಿಸಿ.

ಕ್ಲಿಕ್ ಬೇರೆ ಟ್ರ್ಯಾಕ್‌ನಲ್ಲಿದ್ದರೆ ಕಿಕ್‌ನ ದೇಹಕ್ಕೂ ಅದಕ್ಕೂ ಶುರು ಒಂದೇ ಕಡೆ ಇದೆಯಾ ನೋಡಿ. ಒಂದರ ಪೊಲಾರಿಟಿ ತಿರುಗಿಸಿ (ಅಲೆ ತಲೆಕೆಳಗಾಗುತ್ತದೆ) ಕೇಳಿ. ಯಾವುದರಲ್ಲಿ ತೂಕ ಜಾಸ್ತಿಯೋ ಅದನ್ನು ಇಟ್ಟುಕೊಳ್ಳಿ.

ಮೊಬೈಲ್‌ನಲ್ಲೂ ಕೇಳಬೇಕು: ಸ್ಯಾಚುರೇಶನ್

"ಅಣ್ಣಾ, ಹೆಡ್‌ಫೋನ್‌ನಲ್ಲಿ ಕಿಕ್ ಸೂಪರ್ ಆಗಿದೆ, ಮೊಬೈಲ್‌ನಲ್ಲಿ ಹಾಕಿದ್ರೆ ಮಾಯ ಆಗುತ್ತೆ" ಅಂತ ಹಾಸನದ ಹುಡುಗನೊಬ್ಬ ಕೇಳಿದ್ದ. ಇದು ಎಲ್ಲರಿಗೂ ಬರುವ ಪ್ರಶ್ನೆ. ಶುದ್ಧ ಸೈನ್ ಅಲೆಯಲ್ಲಿ ಇರುವುದು ಒಂದೇ ಫ್ರೀಕ್ವೆನ್ಸಿ. 49 ಹರ್ಟ್ಸ್ ಅನ್ನು ಮೊಬೈಲ್ ಸ್ಪೀಕರ್ ನುಡಿಸಲಾರದು. ಈಕ್ಯೂನಲ್ಲಿ 49 ಅನ್ನು ಎಷ್ಟು ಏರಿಸಿದರೂ ಪ್ರಯೋಜನ ಇಲ್ಲ.

ಸ್ಯಾಚುರೇಶನ್ ಹಾಕಿದಾಗ ಅಲೆಯ ತುದಿ ಚಪ್ಪಟೆಯಾಗುತ್ತದೆ. ಆಗ ಹೊಸ ಹಾರ್ಮೋನಿಕ್‌ಗಳು (ಮೂಲ ಫ್ರೀಕ್ವೆನ್ಸಿಯ ಎರಡು, ಮೂರು ಪಟ್ಟು ಇರುವ ದನಿಗಳು) ಹುಟ್ಟುತ್ತವೆ. ಮೇಲೂ ಕೆಳಗೂ ಸಮನಾಗಿ ಚಪ್ಪಟೆ ಮಾಡಿದರೆ ಬೆಸ ಹಾರ್ಮೋನಿಕ್ ಬರುತ್ತವೆ: 147, 245, 343 ಹರ್ಟ್ಸ್. ಒಂದೇ ಕಡೆ ಜಾಸ್ತಿ ಒತ್ತಿದರೆ ಸಮ ಹಾರ್ಮೋನಿಕ್‌ಗಳೂ ಸೇರುತ್ತವೆ: 98, 196. ಮೊಬೈಲ್ ಸ್ಪೀಕರ್‌ನಿಂದ ಮೇಲಿನವು ಹೊರಗೆ ಬರುತ್ತವೆ. ಆ ಸರಣಿಯನ್ನು ಕೇಳಿದ ಮೆದುಳು ಕೆಳಗೆ ಇಲ್ಲದ 49 ಅನ್ನು ತಾನೇ ತುಂಬಿಕೊಳ್ಳುತ್ತದೆ. ಕೇಳುವವರಿಗೆ ಬೇಸ್ ಇದೆ ಅಂತಲೇ ಅನಿಸುತ್ತದೆ.

ಡ್ರೈವ್ (ಸ್ಯಾಚುರೇಶನ್‌ನ ಪ್ರಮಾಣ) ನಿಧಾನಕ್ಕೆ ಏರಿಸಿ. ಒಂದು ನಿಯಮ ಮಾತ್ರ ಬಿಡಬೇಡಿ: ಡ್ರೈವ್ ಎಷ್ಟು ಏರಿತೋ ಔಟ್‌ಪುಟ್ ಅಷ್ಟು ಇಳಿಸಿ, ಬೈಪಾಸ್ ಮಾಡಿ ಹೋಲಿಸಿ. ಜೋರಾಗಿ ಕೇಳುವುದೆಲ್ಲ ಚೆನ್ನಾಗಿದೆ ಅಂತ ಕಿವಿ ನಂಬಿಬಿಡುತ್ತದೆ. ವಾಲ್ಯೂಮ್ ಸಮ ಮಾಡಿ ಕೇಳಿದಾಗಲೂ ಚೆನ್ನಾಗಿದ್ದರೆ ನಿಜವಾಗಿಯೂ ಚೆನ್ನಾಗಿದೆ. ಸ್ಯಾಚುರೇಟರ್‌ನಲ್ಲಿ ಓವರ್‌ಸ್ಯಾಂಪ್ಲಿಂಗ್ ಇದ್ದರೆ ಆನ್ ಇರಲಿ, ಇಲ್ಲದಿದ್ದರೆ ಜೋರು ಡ್ರೈವ್‌ನಲ್ಲಿ ಕ್ಲಿಕ್ ಹತ್ತಿರ ಬೇಡದ ಕರ್ಕಶ ದನಿ ಸೇರಿಕೊಳ್ಳುತ್ತದೆ.

ಸ್ಯಾಚುರೇಶನ್ ಬಾಲವನ್ನೂ ಉದ್ದ ಮಾಡುತ್ತದೆ, ಯಾಕೆಂದರೆ ಜೋರಾದ ಭಾಗ ಒತ್ತಿಹೋಗಿ ಮೆಲ್ಲಗಿನ ಭಾಗ ಮೇಲೆ ಬರುತ್ತದೆ. ಹಾಗಾಗಿ ಇದಾದ ಮೇಲೆ ವಾಲ್ಯೂಮ್ ಡಿಕೇಗೆ ವಾಪಸ್ ಹೋಗಿ 20-30 ಮಿಲಿಸೆಕೆಂಡ್ ಕಡಿಮೆ ಮಾಡಿ.

ಈಕ್ಯೂ, ಕಂಪ್ರೆಸರ್

ಇಷ್ಟು ಸರಿಯಾಗಿ ಮಾಡಿದ್ದರೆ ಇಲ್ಲಿ ಕೆಲಸ ಬಹಳ ಕಡಿಮೆ. ಡಬ್ಬ ಬಡಿದ ಹಾಗೆ ಕೇಳಿದರೆ 200ರಿಂದ 400 ಹರ್ಟ್ಸ್ ನಡುವೆ 2-3 ಡಿಬಿ ಇಳಿಸಿ. ಕೆಳಗೆ ಕಡಿದಾದ ಹೈಪಾಸ್ ಹಾಕಬೇಡಿ. ಅದು ಫೇಸ್ ತಿರುಗಿಸುತ್ತದೆ, ನೀವು ಕಷ್ಟಪಟ್ಟು ಮಾಡಿದ ಅಲೆಯ ಆಕಾರ ಕೆಡುತ್ತದೆ. ಒಂದೇ ಕಡೆ ಒತ್ತುವ ಸ್ಯಾಚುರೇಶನ್ ಬಳಸಿದ್ದರೆ ಅಲೆ ಮಧ್ಯದ ಗೆರೆಯಿಂದ ಮೇಲಕ್ಕೋ ಕೆಳಕ್ಕೋ ಸರಿದಿರಬಹುದು. ಅದಕ್ಕೆ 20 ಹರ್ಟ್ಸ್‌ನಲ್ಲಿ ಸೌಮ್ಯವಾದ ಒಂದು ಹೈಪಾಸ್ ಸಾಕು.

ಕಂಪ್ರೆಸರ್ ಬೇಡ. ಸಿಂಥ್‌ನಿಂದ ಬರುವ ಕಿಕ್ ಪ್ರತಿ ಸಲವೂ ಒಂದೇ ಮಟ್ಟದಲ್ಲಿರುತ್ತದೆ. ಆಕಾರ ಬದಲಾಗಬೇಕಿದ್ದರೆ ಎನ್ವಲಪ್ ಇದೆಯಲ್ಲ, ಅದನ್ನೇ ಬದಲಿಸಿ. ರಿವರ್ಬ್ ಹಾಕಲೇಬೇಕಿದ್ದರೆ ಬೇರೆ ಸೆಂಡ್‌ನಲ್ಲಿ (ಎಫೆಕ್ಟ್‌ಗೆಂದೇ ಇರುವ ಪ್ರತ್ಯೇಕ ಚಾನಲ್) ಹಾಕಿ, ಅದರ 150 ಹರ್ಟ್ಸ್‌ನ ಕೆಳಗಿನದನ್ನು ಕತ್ತರಿಸಿ. ಕಿಕ್ ಮೋನೋದಲ್ಲೇ ಇರಲಿ.

ನಿಮ್ಮ ಕೋಣೆ ಏನು ಹೇಳುತ್ತಿದೆ?

ಇದನ್ನು ಕಡೆಗಣಿಸಿದರೆ ಮೇಲಿನದೆಲ್ಲ ವ್ಯರ್ಥ. ನಮ್ಮ ಕಡೆ ಮನೆಗಳಲ್ಲಿ ಹತ್ತಡಿ ಕೋಣೆ ಸಾಮಾನ್ಯ. ಹತ್ತಡಿ ಅಂದರೆ 3.05 ಮೀಟರ್. ಎದುರುಬದುರು ಗೋಡೆಗಳ ನಡುವೆ ಇಷ್ಟು ಅಂತರ ಇದ್ದರೆ ಸುಮಾರು 56 ಹರ್ಟ್ಸ್‌ನಲ್ಲಿ ಶಬ್ದ ಆ ಗೋಡೆಗಳ ನಡುವೆ ನಿಂತುಬಿಡುತ್ತದೆ. ಗೋಡೆ ಹತ್ತಿರ ಅದು ಗುಡುಗುತ್ತದೆ, ಸರಿಯಾಗಿ ಮಧ್ಯದಲ್ಲಿ ಬಹುತೇಕ ಇಲ್ಲವಾಗುತ್ತದೆ. ಕಿಕ್ 55 ಹರ್ಟ್ಸ್ ಇಟ್ಟು ಕೋಣೆಯ ನಡುವೆ ಕುರ್ಚಿ ಹಾಕಿ ಕೂತರೆ ಬೇಸ್ ಕಾಣೆ. ಏರಿಸುತ್ತೀರಿ, ಇನ್ನೂ ಏರಿಸುತ್ತೀರಿ. ಹೊರಗೆ ನುಡಿಸಿದಾಗ ಕಿಕ್ ಎಲ್ಲವನ್ನೂ ನುಂಗುತ್ತದೆ. ಉದ್ದದ ಗೋಡೆಯ ಲೆಕ್ಕದಲ್ಲಿ ಮೂರನೇ ಒಂದು ಭಾಗ ದಾಟಿದ ಕಡೆ ಕುರ್ಚಿ ಹಾಕಿಕೊಳ್ಳಿ, ಮಧ್ಯ ಬೇಡ. ಕೆಳಗಿನ ಫ್ರೀಕ್ವೆನ್ಸಿಗಳ ಬಗ್ಗೆ ತೀರ್ಮಾನಗಳನ್ನು ಹೆಡ್‌ಫೋನ್‌ನಲ್ಲಿ ಮಾಡಿ.

ಮಳೆಗಾಲದ ಸಮಸ್ಯೆ ಬೇರೆ. ಹೆಂಚಿನ ಮೇಲೋ ಶೀಟಿನ ಮೇಲೋ ಜಡಿಮಳೆ ಸುರಿಯುವಾಗ ಅದರ ಸದ್ದು ವೈಟ್ ನಾಯ್ಸ್‌ಗೆ ಹತ್ತಿರ. ಕ್ಲಿಕ್ ಇರುವ ಜಾಗವನ್ನೇ ಅದು ಮುಚ್ಚುತ್ತದೆ. ಮಳೆಯಲ್ಲಿ ಕೂತು ಕ್ಲಿಕ್ ಎಷ್ಟಿರಬೇಕು ಅಂತ ತೀರ್ಮಾನ ಮಾಡಿದರೆ ಬೇಕಾದ್ದಕ್ಕಿಂತ ಜಾಸ್ತಿ ಇಡುತ್ತೀರಿ. ಜುಲೈ ತಿಂಗಳಲ್ಲಿ ಪಿಚ್, ಬಾಲ, ಶ್ರುತಿಯ ಕೆಲಸ ಮಾಡಿ, ಕ್ಲಿಕ್ ಅನ್ನು ಮಳೆ ಬಿಟ್ಟಾಗ ನೋಡಿ.

ರಾತ್ರಿ ಮನೆಯವರು ಮಲಗಿದ ಮೇಲೆ ಮೆಲ್ಲಗೆ ಕೇಳುತ್ತಾ ಕೆಲಸ ಮಾಡುವವರೂ ಎಚ್ಚರ. ಮೆಲ್ಲಗೆ ಕೇಳುವಾಗ ಕೆಳಗಿನ ಫ್ರೀಕ್ವೆನ್ಸಿಗಳು ಕಿವಿಗೆ ಇನ್ನೂ ಕಡಿಮೆ ಕೇಳುತ್ತವೆ. ಅದು ಕಿವಿಯ ಗುಣ, ಕಿಕ್‌ನ ತಪ್ಪಲ್ಲ. ನಿಮಗೆ ಇಷ್ಟವಾದ, ಚೆನ್ನಾಗಿ ಮಿಕ್ಸ್ ಆದ ಒಂದು ಟ್ರ್ಯಾಕ್ ಅನ್ನು ಅದೇ ವಾಲ್ಯೂಮ್‌ನಲ್ಲಿ ಪಕ್ಕದಲ್ಲಿ ಹಾಕಿ ಹೋಲಿಸಿ.

ಆಮೇಲೆ ಕಾರು. ನಿಂತ ಕಾರಿನಲ್ಲಿ ಒಮ್ಮೆ ಕೇಳಿ, ಬೇಲೂರು ರಸ್ತೆಯಲ್ಲಿ ಓಡುವಾಗ ಒಮ್ಮೆ ಕೇಳಿ. ಟಯರ್, ಎಂಜಿನ್ ಸದ್ದು ಕೆಳಗಿನದನ್ನು ಮುಚ್ಚುತ್ತದೆ. ಆಗಲೂ ಏಟು ಎಲ್ಲಿ ಬಿತ್ತು ಅಂತ ಗೊತ್ತಾದರೆ ನಿಮ್ಮ ಹಾರ್ಮೋನಿಕ್‌ಗಳು ಕೆಲಸ ಮಾಡುತ್ತಿವೆ ಅಂತ ಅರ್ಥ.

ಬೇಸ್ ಜೊತೆ ಕೂರಿಸುವುದು

ಕಿಕ್‌ನ ಪೀಕ್ ಮಾಸ್ಟರ್‌ನಲ್ಲಿ ಮೈನಸ್ 6 ಡಿಬಿ ಆಸುಪಾಸು ಇರಲಿ, ಉಳಿದದ್ದಕ್ಕೆ ಜಾಗ ಸಿಗುತ್ತದೆ. ಬೇಸ್‌ಗೆ ಸೈಡ್‌ಚೈನ್ ಹಾಕುವುದು (ಕಿಕ್ ಬಿದ್ದಾಗ ಬೇಸ್ ತಗ್ಗುವ ಹಾಗೆ ಮಾಡುವುದು) ಎಲ್ಲರಿಗೂ ಗೊತ್ತು. ಆದರೆ ಕಂಪ್ರೆಸರ್‌ಗಿಂತ ವಾಲ್ಯೂಮ್ ಗೆರೆ ಎಳೆಯುವ ಪ್ಲಗಿನ್ ಅಥವಾ ಆಟೊಮೇಶನ್ ಉತ್ತಮ. ಕಿಕ್‌ನ ಉದ್ದ ನಿಮಗೆ ಮಿಲಿಸೆಕೆಂಡ್ ಲೆಕ್ಕದಲ್ಲಿ ಗೊತ್ತಿದೆ, ಬೇಸ್ ಅಷ್ಟು ಹೊತ್ತು ಸುಮ್ನಿದ್ದರೆ ಆಯಿತು. ಅದಾದ ಮೇಲೂ ಮಂಕಾಗಿದ್ದರೆ ಬೇಸ್‌ನ ಪೊಲಾರಿಟಿ ತಿರುಗಿಸಿ ಕೇಳಿ.

ವೆಲಾಸಿಟಿ, ಮತ್ತು ಇದೇ ಪ್ಯಾಚ್‌ನಿಂದ ಟಾಮ್

ಡೊಳ್ಳಿನ ಮಾತು ಇಲ್ಲಿ ಮತ್ತೆ ಉಪಯೋಗಕ್ಕೆ ಬರುತ್ತದೆ. ಜೋರು ಏಟಿಗೆ ಪಿಚ್ ಜಾಸ್ತಿ ಇಳಿಯುತ್ತದೆ, ಮೆಲ್ಲಗಿನ ಏಟಿಗೆ ಕಡಿಮೆ. ಸಿಂಥ್‌ನಲ್ಲೂ ವೆಲಾಸಿಟಿಯನ್ನು (ಸ್ವರ ಒತ್ತಿದ ಬಲ) ವಾಲ್ಯೂಮ್‌ಗೆ ಮಾತ್ರ ಸೇರಿಸದೆ ವೇಗದ ಪಿಚ್ ಎನ್ವಲಪ್‌ನ ಪ್ರಮಾಣಕ್ಕೂ ಸೇರಿಸಿ. ಪೂರ್ತಿ ವೆಲಾಸಿಟಿಗೆ 30 ಸೆಮಿಟೋನ್, ಮೆಲ್ಲಗಿನದಕ್ಕೆ 15. ನಾಲ್ಕೂ ಬೀಟ್‌ಗೆ ಒಂದೇ ಸಮ ಬೀಳುವ ಟೆಕ್ನೋಗೆ ಇದು ಬೇಕಿಲ್ಲ. ಬ್ರೇಕ್‌ಬೀಟ್, ಹಿಪ್‌ಹಾಪ್ ಅಥವಾ ಜಾನಪದ ತಾಳದ ಮೇಲೆ ಕಟ್ಟಿದ ಟ್ರ್ಯಾಕ್ ಆದರೆ ಕಿಕ್ ಯಂತ್ರದ ಹಾಗೆ ಕೇಳುವುದು ನಿಲ್ಲುತ್ತದೆ.

ಪ್ಯಾಚ್ ಉಳಿಸುವಾಗ ಹೆಸರಿನಲ್ಲೇ ಸ್ವರ ಮತ್ತು ಉದ್ದ ಬರೆದಿಡಿ, ಉದಾಹರಣೆಗೆ "ಕಿಕ್ ಜಿ 49 – 230 ಮಿಸೆ". 24 ಬಿಟ್ ವೇವ್ ಫೈಲ್ ಒಂದನ್ನು ರೆಂಡರ್ ಮಾಡಿಡಿ, ಸಿಂಥ್ ಪ್ಯಾಚ್ ಅನ್ನೂ ಇಟ್ಟುಕೊಳ್ಳಿ. ಮುಂದಿನ ಟ್ರ್ಯಾಕ್ ಬೇರೆ ಶ್ರುತಿಯಲ್ಲಿದ್ದರೆ ಫೈಲ್ ಅನ್ನು ಎಳೆದು ಪಿಚ್ ಬದಲಿಸಬೇಡಿ. ಹಾಗೆ ಮಾಡಿದರೆ ಉದ್ದವೂ ಕ್ಲಿಕ್ಕೂ ಜೊತೆಗೇ ಬದಲಾಗುತ್ತವೆ. ಪ್ಯಾಚ್ ತೆರೆದು ಸ್ವರ ಬದಲಿಸಿ ಹೊಸದಾಗಿ ರೆಂಡರ್ ಮಾಡಿ.

ಕಿಟ್‌ನ ಉಳಿದ ಭಾಗವೂ ಇದರಿಂದಲೇ ಹುಟ್ಟುತ್ತದೆ. ಸ್ವರವನ್ನು 98 ಹರ್ಟ್ಸ್‌ಗೆ ಏರಿಸಿ, ವೇಗದ ಎನ್ವಲಪ್ ಅನ್ನು 10 ಸೆಮಿಟೋನ್‌ಗೆ ಇಳಿಸಿ, ನಿಧಾನದ್ದನ್ನು 5 ಸೆಮಿಟೋನ್‌ಗೆ ಇಳಿಸಿ 150 ಮಿಲಿಸೆಕೆಂಡ್‌ಗೆ ಉದ್ದ ಮಾಡಿ, ವಾಲ್ಯೂಮ್ ಡಿಕೇ 400 ಮಿಲಿಸೆಕೆಂಡ್ ಇಡಿ. ಕೆಳಗಿನ ಟಾಮ್ (ಕಿಕ್‌ಗಿಂತ ಮೇಲಿನ ಪಿಚ್‌ನ ಡ್ರಮ್) ಸಿಕ್ಕಿತು. ಅದೇ ಪ್ಯಾಚ್ ಅನ್ನು 131 ಮತ್ತು 147 ಹರ್ಟ್ಸ್‌ನಲ್ಲಿ ನುಡಿಸಿ ರೆಂಡರ್ ಮಾಡಿದರೆ ಇನ್ನೆರಡು ಟಾಮ್, ಮೂರೂ ನಿಮ್ಮ ಕಿಕ್‌ನ ಶ್ರುತಿಗೆ ಹೊಂದಿಕೊಂಡೇ ಬರುತ್ತವೆ.